ಕನ್ನಡಿಯವ್ವನ ಎದುರಿಗೊಂದು ಮಣೆ

ನನ್ನ ಜಾಗಕ್ಕೆ ಹೊಸದಾಗಿ ಸೇರಿದವರು ಮೊನ್ನೆ ಮನೆಗೆ ಬಂದಿದ್ದರು. "ಸರ, ಈ ಕೆಲಸದಾಗ ಖರೇ ಅಂದ್ರ ಏನೇನ್ ಮಾಡಬೇಕಾಗ್ತದ್ರಿ?" ಎಂದು ಕೇಳಿದರು. ಹಾಸಿಗೆ ಹೊದಿಕೆ ಒಗೆಸಬೇಕು, ನೀರು ಕಾಸಿ ಆರಿಸಿಡಬೇಕು, ಪೊಲೀಸರಿಗೆ ವರದಿ ಕೊಡಬೇಕು, ಗಾಡಿ ಹೇಳಬೇಕು, ಹಳ್ಳಿಗಳಲ್ಲಿ ದುಭಾಷಿಯಾಗಬೇಕು ಎಂದೆ. ತಲೆಯಾಡಿಸಿ, ಚಹಾ ಕುಡಿದು ಹೋದರು. ಅವರು ಹೋದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಇಡೀ ಆಯುಷ್ಯ ಸವೆಸಿದ ಕೆಲಸವನ್ನು ಲಾಡ್ಜಿನ ಬೋರ್ಡು ಓದಿದ ಹಾಗೆ ಓದಿಬಿಟ್ಟೆನಲ್ಲ ಅನ್ನಿಸಿತು. ಹೇಳಬೇಕಾದದ್ದು ಬೇರೆಯೇ ಇತ್ತು. ಅದು ಚಹಾ ಆರುವುದರೊಳಗೆ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇದರ ಹೆಚ್ಚಿನ ಪಾಲು ಹಿಲ್ಡಾ ಎಂಬ ಒಬ್ಬ ಹೆಂಗಸಿನದು. ಅವರು ನಮ್ಮಲ್ಲಿಗೆ ಚಿತ್ರ ನೋಡಲು ಬಂದು ಇಲ್ಲಿಯೇ ತೀರಿಕೊಂಡವರು.

ನಮ್ಮ ಅತಿಥಿಗೃಹ ಗಜೇಂದ್ರಗಡದಲ್ಲಿದೆ. ಪರದೇಶದ ಒಂದು ಕಲಾ ಸಂಸ್ಥೆಯೂ ಇಲ್ಲಿನ ಒಂದು ಟ್ರಸ್ಟೂ ಕೂಡಿ ನಡೆಸುತ್ತವೆ. ಬೆಲ್ಜಿಯಂ ದೇಶದಲ್ಲಿ ಫ್ಲಾಂಡರ್ಸ್ ಎಂಬ ಸೀಮೆ ಇದೆ. ಹಿಂದೆ ಅಲ್ಲಿಯ ಚಿತ್ರಗಾರರು ತಾಮ್ರದ ತಗಡಿನ ಮೇಲೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಚಿತ್ರಗಳು ಹಡಗು ಹತ್ತಿ ಗೋವೆಗೆ ಬಂದವು, ಅಲ್ಲಿಂದ ವಿಜಾಪುರದ ದರಬಾರಿಗೆ ಹೋದವು. ದರಬಾರಿನ ಚಿತ್ರಗಾರರು ಅವನ್ನು ನೋಡಿ ತಮ್ಮ ಕೈಗೆ ಒಗ್ಗುವಂತೆ ತಿದ್ದಿ ಬರೆದರು. ಅವರ ಶಿಷ್ಯರ ಶಿಷ್ಯರು ಹೊಟ್ಟೆಪಾಡಿಗೆ ಊರೂರು ತಿರುಗಿ ವಾಡೆಗಳ ಗೋಡೆಗೆ, ಬಾಗಿಲಿಗೆ, ಪೆಟ್ಟಿಗೆಗಳಿಗೆ ಬರೆದರು. ಹಾಗೆ ಬಂದು ಉಳಿದ ತಮ್ಮ ಚಿತ್ರಗಳ ಮೊಮ್ಮಕ್ಕಳನ್ನು ಹುಡುಕಿಕೊಂಡು ಅಲ್ಲಿಯ ವಿದ್ವಾಂಸರು ಇಲ್ಲಿಗೆ ಬರುತ್ತಾರೆ. ಆಗೆಲ್ಲ ಕೆಲವರು ಒಂದು ತಿಂಗಳು, ಕೆಲವರು ಇಡೀ ಬೇಸಿಗೆ ಇರುತ್ತಿದ್ದರು. ರೋಣ, ನರಗುಂದ, ಗಜೇಂದ್ರಗಡದ ಸುತ್ತಿನ ಹಳ್ಳಿಗಳಲ್ಲಿ ಅವರನ್ನು ತಿರುಗಿಸಿ, ಉಣ್ಣಿಸಿ, ಜೀವಂತ ವಾಪಸು ಕಳಿಸುವುದು ನನ್ನ ಕೆಲಸವಾಗಿತ್ತು. ಬಡ್ತಿ ಗಿಡ್ತಿ ಬಂದವು. ಅದರಿಂದ ಕುರ್ಚಿ ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ.

ಮೊದಲ ವರ್ಷ ಬಂದ ವಿದ್ವಾಂಸರು ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಮನುಷ್ಯ. ನರಗುಂದದ ಒಂದು ಹಳೆಯ ಮನೆಗೆ ಕರೆದುಕೊಂಡು ಹೋಗಿದ್ದೆ. ಅವರು ಬ್ಯಾಗಿನಿಂದ ಬ್ಯಾಟರಿ ತೆಗೆದು, ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿಯುತ್ತ, ಕಿವಿ ಹಚ್ಚಿ ಕೇಳುತ್ತ ಹೋದರು. ಗಾರೆ ಎಲ್ಲಿ ಗೋಡೆ ಬಿಟ್ಟಿದೆ, ಎಲ್ಲಿ ಗಟ್ಟಿಯಿದೆ ಎಂದು ನೋಡುವ ಕ್ರಮ ಅದು. ನರಗುಂದದ ಜನಕ್ಕೆ ಅದೆಲ್ಲ ಏನು ಗೊತ್ತು? ನಮ್ಮ ಕಡೆ ಹಳೆಯ ಮನೆಯ ಗೋಡೆ ಬಡಿದು ಕೇಳುವವರು ನಿಧಿ ಹುಡುಕುವವರು ಮಾತ್ರ. ಅಂಗಳ ತುಂಬ ಜನ ಕೂಡಿದರು, ಪೊಲೀಸರೂ ಬಂದರು. ಚಿತ್ರ ನೋಡಲು ಬಂದಿದ್ದಾರೆ ಎಂದು ನಾನು ಗಂಟಲು ಹರಿಯುವಂತೆ ಹೇಳಿದೆ. ಒಬ್ಬ ಹಿರಿಯರು ಶಾಂತವಾಗಿ ನನ್ನನ್ನೇ ಕೇಳಿದರು: "ಚಿತ್ರಾ ನೋಡಾವ್ಗ ಕಣ್ಣ ಸಾಕಲ್ಲೋ ತಮ್ಮಾ, ಕಿವಿ ಯಾಕ ಬೇಕು?" ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕುಳಿತು ಬಂದೆವು. ಅವತ್ತಿನಿಂದ ನಾನೊಂದು ಪದ್ಧತಿ ಹಾಕಿಕೊಂಡೆ. ಯಾರದೇ ಮನೆಗೆ ಹೋದರೂ ಮೊದಲು ಕುಳಿತು ಚಹಾ ಕುಡಿಯಬೇಕು, ಆ ಮನೆಯ ಹಿರಿಯರು ತಾವಾಗಿ ಏಳುವತನಕ ಬ್ಯಾಗು ಬಿಚ್ಚಬಾರದು. ಹೊಸಬರು ಇದನ್ನು ಮರೆಯಬೇಡಿ.

ಹೊಳೆಮಣ್ಣೂರಿನಲ್ಲಿ ಒಂದು ಮನೆಗೆ ಬರೆದ ಬಾಗಿಲಿತ್ತು. ಅದರ ಮೇಲೆ ಪರಂಗಿ ಟೊಪ್ಪಿಗೆಯ ಒಬ್ಬ ಬೇಟೆಗಾರ, ಅವನ ಕಾಲ ಬಳಿ ನಮ್ಮ ಕಡೆಯ ಮುಧೋಳ ನಾಯಿ. ಆಗ ಇನ್ನೂ ರೀಲಿನ ಕ್ಯಾಮೆರಾ. ಮಂಕಾದ ಬಣ್ಣ ಹಿಡಿಯಲು ಬೇರೆ ನಮೂನೆಯ ರೀಲು ಪರದೇಶದಿಂದ ಬರಬೇಕು, ಅಲ್ಲಿಯವರೆಗೆ ಬಾಗಿಲು ಮುಟ್ಟಬೇಡಿ ಎಂದು ಧಾರವಾಡದಲ್ಲಿದ್ದ ನಮ್ಮ ನಿರ್ದೇಶಕರ ಅಪ್ಪಣೆಯಾಯಿತು. ಅವರು ಎಲ್ಲವನ್ನೂ ಧಾರವಾಡದಿಂದಲೇ ನೋಡುತ್ತಿದ್ದರು. ರೀಲು ಬರುವ ಮೊದಲು ಮಲಪ್ರಭೆ ಬಂದಳು. ನೀರು ಇಳಿದ ಮೇಲೆ ಹೋದರೆ ಮನೆಯವರು ದಿಬ್ಬದ ಮೇಲೆ ತಗಡಿನ ಶೆಡ್ಡಿನಲ್ಲಿದ್ದರು. "ಬಾಗಲಾ ಕಿತ್ತು ಅದರ ಮ್ಯಾಲ ನಮ್ಮವ್ವನ್ನ ಕುಂದರಿಸಿ ಎಳಕೊಂಡ ಬಂದ್ವಿರಿ. ಆಕಿನ್ನ ಇಳಿಸೂದರಾಗ ಬಾಗಲಾ ಹೋತು" ಎಂದ ಮನೆಯ ಯಜಮಾನ. ಮುದುಕಿ ಶೆಡ್ಡಿನ ಬಾಯಲ್ಲಿ ಕುಳಿತು ಕಾಳು ಒಣಗಿಸುತ್ತಿದ್ದಳು. ನಿರ್ದೇಶಕರು ಫೋನಿನಲ್ಲಿ ಎರಡು ಸಲ "ಅಯ್ಯೋ, ಎಂಥಾ ಬಾಗಿಲು" ಅಂದರು. ಮುದುಕಿ ಹೇಗಿದ್ದಾಳೆಂದು ಕೇಳಲಿಲ್ಲ. ಆ ಸಲ ಬಂದಿದ್ದ ವಿದ್ವಾಂಸರು ಮಾತ್ರ ಸುಮ್ಮನೆ ಮುದುಕಿಯ ಫೋಟೊ ತೆಗೆದುಕೊಂಡು ಹೊರಟುಹೋದರು.

ಈಗ ಎಲ್ಲ ಬದಲಾಗಿದೆ. ಕಿಸೆಯಲ್ಲಿಯ ಫೋನೇ ಕ್ಯಾಮೆರಾ. ಗೋಡೆಯ ಒಳಗನ್ನು ತೋರಿಸುವ ಯಂತ್ರಗಳೂ ಬಂದಿವೆ. ಮೊದಲು ತಿಂಗಳುಗಟ್ಟಲೆ ಇರುತ್ತಿದ್ದವರು ಈಗ ವಾರದಲ್ಲಿ ಮುಗಿಸಿ ಹೋಗುತ್ತಾರೆ. ಅದು ಒಳ್ಳೆಯದೇ ಇರಬಹುದು. ಆದರೆ ವಾರ ಇದ್ದು ಹೋಗುವವರನ್ನು ಯಾವ ಮನೆಯೂ ತನ್ನವರೆಂದು ಹಚ್ಚಿಕೊಳ್ಳುವುದಿಲ್ಲ. ಹಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು ನಾನು ನೋಡಿದ್ದೇನೆ.

ಹಿಲ್ಡಾ ಅವರು ಬಂದಾಗ ಅರವತ್ತು ದಾಟಿತ್ತು. ತೆಳ್ಳಗಿನ ಮೈ, ಕತ್ತರಿಸಿದ ಬಿಳಿಗೂದಲು. ಮದುವೆಯಾಗಿರಲಿಲ್ಲ. ಊರಲ್ಲಿ ತಾಯಿಯೂ ಒಬ್ಬ ತಮ್ಮನೂ ಇದ್ದರು. ನನ್ನ ಕೂಡ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಉಳಿದವರ ಕೂಡ "ಸಾಕ್ರಿ", "ಭಾಳ ಚಲೋ ಐತ್ರಿ", "ಬರ್ತೇನ್ರಿ" ಎಂಬ ಮೂರು ಮಾತಿನಲ್ಲೇ ಸಂಸಾರ ಸಾಗಿಸುತ್ತಿದ್ದರು. ಇಷ್ಟರಲ್ಲೇ ಹೆಂಗಸರೊಡನೆ ತಾಸುಗಟ್ಟಲೆ ಮಾತಾಡುತ್ತಿದ್ದರು ಎಂದರೆ ನಂಬುತ್ತೀರೋ ಇಲ್ಲವೋ. ನನ್ನ ಹೆಂಡತಿ ಕೂಡ ಅವರೊಡನೆ ನನ್ನ ಮೇಲೆ ದೂರು ಹೇಳುತ್ತಿದ್ದಳು. ಅವರು "ಭಾಳ ಚಲೋ ಐತ್ರಿ" ಎಂದು ಕೇಳುತ್ತಿದ್ದರು.

ಅವರ ಅಭ್ಯಾಸ ರಾಜೂರಿನ ಗೌಡರ ವಾಡೆಯಲ್ಲಿ. ಅಲ್ಲಿ ಮಾಳಿಗೆಯ ಖೋಲಿಯ ಗೋಡೆಯ ಮೇಲೊಂದು ಹೆಣ್ಣಿನ ಚಿತ್ರವಿದೆ. ಕೈಯಲ್ಲಿ ಕನ್ನಡಿ, ಪಕ್ಕದಲ್ಲೊಂದು ಗಿಳಿ. ಮನೆಯವರು ಕನ್ನಡಿಯವ್ವ ಎನ್ನುತ್ತಾರೆ, ಶುಕ್ರವಾರ ಶುಕ್ರವಾರ ಹೂ ಏರಿಸುತ್ತಾರೆ. ಫ್ಲಾಂಡರ್ಸಿನ ಅಚ್ಚಿನ ಚಿತ್ರದಲ್ಲಿ ಅವಳು ದೇವರೂ ಅಲ್ಲ, ಯಾರ ಅವ್ವನೂ ಅಲ್ಲ. ನೋಡುವುದು, ಕೇಳುವುದು, ಮೂಸುವುದು, ರುಚಿ, ಸ್ಪರ್ಶ ಎಂಬ ಐದಕ್ಕೂ ಅಲ್ಲಿ ಐದು ಹೆಂಗಸರನ್ನು ಬರೆಯುತ್ತಿದ್ದರಂತೆ. ಇವಳು ನೋಟದ ಹೆಂಗಸು. ಅಲ್ಲಿ ಅವಳ ಪಕ್ಕ ಇದ್ದದ್ದು ಹದ್ದು, ನಮ್ಮ ಚಿತ್ರಗಾರನ ಕೈಯಲ್ಲಿ ಗಿಳಿಯಾಗಿದೆ. ಉಳಿದ ನಾಲ್ವರು ಅದೇ ಖೋಲಿಯ ಬೇರೆ ಗೋಡೆಗಳಲ್ಲಿ, ವರ್ಷವರ್ಷ ಹೊಡೆದ ಸುಣ್ಣದ ಕೆಳಗೆ ಇದ್ದಾರೆ ಎಂದು ಹಿಲ್ಡಾ ನಂಬಿದ್ದರು. ಅದನ್ನು ನೋಡಿಯೇ ಹೋಗಬೇಕೆಂದು ಹಟ ತೊಟ್ಟು ಬಂದಿದ್ದರು.

ವಾಡೆಯ ಯಜಮಾನಿ ನೀಲವ್ವ. ಗೌಡರು ತೀರಿಹೋಗಿ ಬಹಳ ವರ್ಷವಾಗಿತ್ತು. ಮಗ ಬಸನಗೌಡ ಹೊಲಮನೆ ನೋಡಿಕೊಳ್ಳುತ್ತಿದ್ದ. ಆದರೆ ನೀಲವ್ವನ ಮಾತು ಮೀರಿ ಅಲ್ಲಿ ಕಡ್ಡಿ ಅಲ್ಲಾಡುತ್ತಿರಲಿಲ್ಲ. ಮೊದಲ ದಿನ ಹಿಲ್ಡಾ ಗೋಡೆಯೆದುರು ನೆಲದ ಮೇಲೆ ಕುಳಿತದ್ದನ್ನು ನೋಡಿ ನೀಲವ್ವ ಒಳಗಿಂದ ಒಂದು ಮಣೆ ತಂದು ಹಾಕಿದರು. ಸಾಗವಾನಿಯದು, ಹಿತ್ತಾಳೆ ಹೂ ಕೂರಿಸಿದ್ದು, ಗೌಡರು ಉಣ್ಣಲು ಕೂರುತ್ತಿದ್ದುದು. ಅಂದಿನಿಂದ ಅದು ಹಿಲ್ಡಾರ ಮಣೆ. ಬೆಳಿಗ್ಗೆ ಬಂದವರು ಮಧ್ಯಾಹ್ನದ ತನಕ ಅದರ ಮೇಲೆ ಕುಳಿತು ನೋಡುತ್ತಿದ್ದರು. ಮುಟ್ಟುತ್ತಿರಲಿಲ್ಲ, ಬಡಿಯುತ್ತಿರಲಿಲ್ಲ. "ದಿನಾ ಏನ್ ನೋಡ್ತಾಳಪ್ಪಾ ಈಕಿ?" ಎಂದು ನೀಲವ್ವ ನನ್ನನ್ನು ಕೇಳಿದರು. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಹಿಲ್ಡಾ, ನಿನ್ನೆ ಕಾಣದ್ದು ಇವತ್ತು ಕಾಣುತ್ತದೆ ಎಂದರು. ನೀಲವ್ವನಿಗೆ ಆ ಉತ್ತರ ಬಹಳ ಹಿಡಿಸಿತು. ಎದುರಿನ ಗೋಡೆಯಲ್ಲಿ ಒಂದು ಅಂಗೈಯಗಲ ಮಾತ್ರ ಸುಣ್ಣ ಕೆರೆಯಲು ಒಪ್ಪಿಗೆ ಕೊಟ್ಟರು. ತನ್ನ ಅಂಗೈಯನ್ನೇ ಗೋಡೆಗೆ ಊರಿ, ಇಷ್ಟೇ ಎಂದು ತೋರಿಸಿದರು.

ಆ ಬೇಸಿಗೆಯಲ್ಲಿ ಒಂದು ದಿನ ಲಕ್ಕಲಕಟ್ಟಿ ದಾರಿಯಲ್ಲಿ ಹೆಣದ ಮೆರವಣಿಗೆ ಎದುರಾಯಿತು. ಗಾಡಿ ನಿಲ್ಲಿಸಿದೆವು. ಒಬ್ಬ ಹಿರಿಯರನ್ನು ಹೂವಿನ ವಿಮಾನದಲ್ಲಿ ಕೂರಿಸಿ, ಭಜನೆ ಹೇಳುತ್ತ ಹೊತ್ತೊಯ್ಯುತ್ತಿದ್ದರು. ಹಣೆ ತುಂಬ ವಿಭೂತಿ, ತಲೆಗೆ ಪಟಗಾ. ನಮ್ಮಲ್ಲಿ ಹೆಣ ಸೆಟೆಯುವ ಮೊದಲು ಕಾಲು ಮಡಿಸಿ ಗೋಡೆಗೆ ಒರಗಿಸಿ ಕೂರಿಸುತ್ತೇವೆ, ಕೂತ ಹಾಗೆಯೇ ಮಣ್ಣು ಕೊಡುತ್ತೇವೆ. ಓದುವ ನಿಮಗೆ ಇದು ಗೊತ್ತಿದ್ದದ್ದೇ. ಹಿಲ್ಡಾ ಕೆಳಗಿಳಿದು ಮೆರವಣಿಗೆ ದಾಟುವ ತನಕ ಬಿಸಿಲಲ್ಲಿ ನಿಂತರು. ಗಾಡಿ ಹತ್ತಿದ ಮೇಲೆ ಹೇಳಿದರು: ನಮ್ಮ ಹಳೆಯ ಚಿತ್ರಗಳಲ್ಲಿ ಸತ್ತವರು ಯಾವಾಗಲೂ ಮಲಗಿರುತ್ತಾರೆ, ಎದೆಯ ತನಕ ಹೊದಿಕೆ, ಕೈ ಜೋಡಿಸಿರುತ್ತಾರೆ. ನಿಮ್ಮವರು ಕುಳಿತಿದ್ದಾರೆ, ಈಗ ಯಾರೋ ಎಲೆ ಹಾಕಿ ಊಟಕ್ಕೆ ಬಡಿಸುತ್ತಾರೆ ಎನ್ನುವ ಹಾಗೆ. ಆಮೇಲೆ ಆ ಮಾತು ಅಲ್ಲಿಗೇ ಬಿಟ್ಟೆವು. ಅದು ಮತ್ತೆ ನನ್ನ ಎದುರಿಗೆ ಬರುತ್ತದೆಂದು ಅವತ್ತು ಯಾರಿಗೆ ಗೊತ್ತಿತ್ತು?

ಅಂಗೈಯಗಲದ ಆ ಜಾಗದಲ್ಲಿ, ಹಿಲ್ಡಾ ದಿನಕ್ಕೆ ಉಗುರಿನಷ್ಟು ಕೆರೆಯುತ್ತ ಹೋದಂತೆ, ಒಂದು ಬೆರಳು ಕಂಡಿತು. ಆಮೇಲೆ ಆ ಬೆರಳ ಕೆಳಗೆ ಒಂದು ತಂತಿ. ಕೇಳುವ ಹೆಂಗಸು ಎಂದರು ಹಿಲ್ಡಾ, ಅವಳ ಕೈಯಲ್ಲಿ ವಾದ್ಯ ಇರುತ್ತದೆ. ನೀಲವ್ವ ಬಂದು ನೋಡಿ, "ಇನ್ನೊಂದ್ ಅಂಗೈ ಕೆರಕೊಳ್ಳಿ ಬಿಡಪ್ಪಾ" ಎಂದರು. ಹಿಲ್ಡಾರ ಸಂತೋಷ ಏನು ಹೇಳಲಿ. ಆ ದಿನ ಮೂರೂ ಮಾತುಗಳನ್ನು ಒಟ್ಟಿಗೇ ಹೇಳಿಬಿಟ್ಟರು: "ಸಾಕ್ರಿ, ಭಾಳ ಚಲೋ ಐತ್ರಿ, ಬರ್ತೇನ್ರಿ."

ಮರುದಿನ ನಾನು ಬೇರೊಬ್ಬರ ಕೆಲಸಕ್ಕೆ ನರಗುಂದಕ್ಕೆ ಹೋಗಿದ್ದೆ. ಬೆಳಗಿನ ಎರಡನೆಯ ಚಹಾ ಮುಗಿದಿರಲಿಲ್ಲ, ಬಸನಗೌಡನ ಫೋನು ಬಂತು. "ಈರಣ್ಣಾರ, ಹಿಲ್ಡಾ ಬಾಯಾರು ತೀರ್ಕೊಂಡ್ರಿ. ಮಣಿ ಮ್ಯಾಲ ಕುಂತಲ್ಲೇ ಗ್ವಾಡಿಗಿ ಒರಗ್ಯಾರ. ನೀರ್ ಕೊಡಾಕ ಹ್ವಾದ ನಮ್ಮಾಕಿ ನೋಡ್ಯಾಳ. ಡಾಕ್ಟರು ಬಂದು ಹೋದ್ರು, ಎದಿ ನಿಂತದ ಅಂದ್ರು." ನಾನು ಬರುವ ತನಕ ಏನೂ ಮಾಡಬೇಡಿ ಎಂದೆ. "ಹೂಂರಿ, ಏನೂ ಮಾಡಂಗಿಲ್ಲ, ನೀವ್ ಲಗೂ ಬರ್ರಿ" ಎಂದ. ದಾರಿಯಲ್ಲಿ ಪೊಲೀಸರಿಗೂ ನಿರ್ದೇಶಕರಿಗೂ ಫೋನು ಮಾಡಿದೆ.

ಗಾಡಿ ಹಿಡಿದು ರಾಜೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು, ವಾಡೆಯ ಮುಂದೆ ಊರಿಗೆ ಊರೇ ನೆರೆದಿತ್ತು. ಭಜನೆಯವರು ತಾಳ ಹಿಡಿದು ಕುಳಿತಿದ್ದರು. ಪಡಸಾಲೆಯಲ್ಲಿ ಹಿಲ್ಡಾರನ್ನು ಕೂರಿಸಿದ್ದರು. ತಲೆಯಿಂದ ನೀರು ಹಾಕಿ, ಬಿಳಿಗೂದಲು ಬಾಚಿ, ಹಣೆಗೆ ಮೂರು ಬೆರಳಿನ ವಿಭೂತಿ ಹಚ್ಚಿ, ನೀಲವ್ವನ ಹೊಸ ಪಟ್ಟೇದಂಚಿನ ಸೀರೆ ಉಡಿಸಿ, ಕಾಲು ಮಡಿಸಿ, ಗೋಡೆಗೆ ಒರಗಿಸಿ, ಅಲ್ಲಾಡದಂತೆ ಬಟ್ಟೆಯಿಂದ ಗೂಟಕ್ಕೆ ಕಟ್ಟಿದ್ದರು. ಮೊಣಕಾಲ ಮೇಲೆ ಎರಡೂ ಕೈ. ವಾಡೆಯ ಹಿಂದಿನ ಹೊಲದಲ್ಲಿ, ಗೌಡರ ಮನೆತನದ ಗದ್ದುಗೆಗಳ ಸಾಲಿನಲ್ಲಿ, ಕುಣಿ ತೋಡುವುದು ಆಗಲೇ ಮುಗಿಯುತ್ತ ಬಂದಿತ್ತು.

"ಏನೂ ಮಾಡಬ್ಯಾಡ್ರಿ ಅಂದಿದ್ನಲ್ಲಾ?" ಎಂದೆ ಬಸನಗೌಡನಿಗೆ.

ಅವನು ನಿಜವಾಗಿಯೂ ಬೆರಗಾದ. "ಏನ್ ಮಾಡೇವ್ರಿ? ಕುಂದ್ರಸೇವಿ ಅಷ್ಟ. ಸೆಟದ ಮ್ಯಾಲ ಕುಂದ್ರಸಾಕ ಬರ್ತದೇನ್ರಿ? ನಮ್ಮ ಮನ್ಯಾಗ ಸತ್ತಾಕಿನ್ನ ಹಂಗ ಹೊರಳಿ ಬೀಳಾಕ ಬಿಡ್ಬೇಕಿತ್ತೇನು?"

ನಮ್ಮ ತಿಳುವಳಿಕೆಯಲ್ಲಿ ಅದು ಏನೋ ಮಾಡಿದಂತಲ್ಲ, ಬಿದ್ದವರನ್ನು ಎತ್ತಿದ ಹಾಗೆ. ಪ್ರೀತಿಯಿಂದ ಮಾಡಿದ್ದರು. ತಮ್ಮವರಿಗೆ ಏನು ಮಾಡುತ್ತಿದ್ದರೋ ಅದರಲ್ಲಿ ಎಳ್ಳಷ್ಟೂ ಕಡಿಮೆ ಮಾಡಿರಲಿಲ್ಲ. ಅದೇ ಈಗ ಕೊರಳಿಗೆ ಬಂತು. ಬಿಸಿಲಿನ ದಿನ, ಮೈ ಬೇಗ ಸೆಟೆದಿತ್ತು. ನಾನು ಕೈ ಮುಟ್ಟಿ ನೋಡಿದೆ, ಕೂತ ಹಾಗೆಯೇ ಕಟ್ಟಿಗೆಯಾಗಿದ್ದರು.

ಪೊಲೀಸ್ ಅಧಿಕಾರಿ ಬಂದವರೇ ತಲೆ ಮೇಲೆ ಕೈ ಹೊತ್ತರು. "ಬ್ಯಾರೆ ದೇಶದವ್ರ ಹೆಣಾ ಐತಿ. ಯಾರನ್ನ ಕೇಳಿ ಮುಟ್ಟಿ ತೊಳದೀರಿ?"

ನೀಲವ್ವ ಹೆಣದ ಪಕ್ಕದಿಂದ ಏಳಲಿಲ್ಲ. "ನೀರಡಿಸಿದಾಕಿಗೆ ನೀರ್ ಕೊಡಾಕ ಯಾರನ್ನ ಕೇಳಬೇಕಪ್ಪಾ?" ಎಂದರು. ಆದರೂ ಅಧಿಕಾರಿ, ಶವಪರೀಕ್ಷೆಯಾಗದೆ ಬಿಡುವಂತಿಲ್ಲ, ರೋಣಕ್ಕೆ ಒಯ್ಯಲೇಬೇಕು ಎಂದರು. ನಿರ್ದೇಶಕರು ಫೋನಿನಲ್ಲಿ ಕೂಗಾಡಿದರು. ಕೂರಿಸಲು ಹೇಳಿದವರು ಯಾರು, ಫೋಟೊ ತೆಗೆದವರು ಯಾರು, ಪತ್ರಿಕೆಗೆ ಹೋದರೆ ಏನು ಗತಿ. ಅವರು ಕೇಳಿದ ಯಾವ ಪ್ರಶ್ನೆಯಿಂದಲೂ ನನಗೆ ದಾರಿ ಸಿಗಲಿಲ್ಲ. ಕೊನೆಗೆ ನಾನೇ ಹಿಲ್ಡಾರ ತಮ್ಮನಿಗೆ ಫೋನು ಹಚ್ಚಿದೆ.

ಈ ಕೆಲಸಕ್ಕೆ ಬರುವವರೇ, ನಿಮಗೆ ಎಂದಾದರೂ ಇಂಥ ಫೋನು ಮಾಡುವ ಪ್ರಸಂಗ ಬಂದರೆ ಸುತ್ತಿ ಬಳಸಿ ಹೇಳಬೇಡಿ. ನಾನು ನೇರ ಹೇಳಿದೆ. ಕೂರಿಸಿದ್ದಾರೆ ಎಂಬುದನ್ನೂ ಹೇಳಿದೆ. ಕುರ್ಚಿಯ ಮೇಲೆಯೇ ಎಂದು ಕೇಳಿದರು. ಅಲ್ಲ, ನೆಲದ ಮೇಲೆ, ಪದ್ಮಾಸನ ಹಾಕಿದ ಹಾಗೆ ಎಂದೆ. ಇಲ್ಲಿಯವರು ತಮ್ಮ ಹೊಲದಲ್ಲಿ, ತಮ್ಮ ಹಿರಿಯರ ಪಕ್ಕದಲ್ಲಿ ಮಣ್ಣು ಕೊಡುತ್ತಾರಂತೆ, ಕುಣಿಯೂ ಸಿದ್ಧವಿದೆ, ನೀವು ಒಪ್ಪಿದರೆ ಉಳಿದ ಪರವಾನಗಿಗಳಿಗೆ ನಾನು ಓಡಾಡುತ್ತೇನೆ ಎಂದೆ. ಅಮ್ಮನನ್ನು ಕೇಳುತ್ತೇನೆ ಎಂದು ಇಟ್ಟರು. ಆ ತಾಯಿಗೆ ತೊಂಬತ್ತರ ಆಸುಪಾಸು. ನಾವೆಲ್ಲ ಪಡಸಾಲೆಯಲ್ಲಿ ಫೋನಿನ ಕಡೆ ನೋಡುತ್ತ ಕುಳಿತೆವು. ಭಜನೆಯವರೂ ನಿಲ್ಲಿಸಿದರು.

ತಿರುಗಿ ಫೋನು ಬಂತು. ತಾಯಿ ಹೇಳಿದ್ದು ಒಂದೇ ಮಾತು: ಅವಳನ್ನು ಮಲಗಿಸಿ ಕಳಿಸಿ. ಅವರ ಮನೆಯ ಮುಂದಿನ ಖೋಲಿಯಲ್ಲಿ ಕಿಟಕಿಗೆ ಹತ್ತಿದ ಒಂದು ಮಂಚವಿದೆಯಂತೆ. ಆ ಮನೆಯಲ್ಲಿ ಸತ್ತವರನ್ನೆಲ್ಲ ಒಂದು ರಾತ್ರಿ ಆ ಮಂಚದ ಮೇಲೆ ಮಲಗಿಸಿ, ನೆರೆಹೊರೆಯವರು ಬಂದು ನೋಡಿದ ಮೇಲೆ ಒಯ್ಯುವುದಂತೆ. ಗಂಡನನ್ನು ಅಲ್ಲಿಯೇ ಮಲಗಿಸಿದ್ದರು. ಮಗಳನ್ನೂ ಅಲ್ಲಿ ಮಲಗಿದ್ದಂತೆ ಒಂದು ಸಲ ನೋಡಬೇಕು, ಆಮೇಲೆ ತನ್ನದೇನೂ ಇಲ್ಲ ಎಂದರಂತೆ.

ನೀಲವ್ವನಿಗೆ ತಿಳಿಸಿ ಹೇಳಿದೆ. "ಆಕಿನ್ನ ಹಡದಾಕಿ ಇನ್ನಾ ಅದಾಳ?" ಎಂದರು. ಹೌದ್ರಿ ಅವ್ವಾರ ಎಂದೆ. ತುಸು ಹೊತ್ತು ಹಿಲ್ಡಾರ ಮುಖವನ್ನೇ ನೋಡಿದರು. "ಹಡದಾಕಿ ಮಾತಿಗೆ ನಾ ಏನಂತ ಅಡ್ಡ ಬರ್ಲಿ. ಒಯ್ರಿ. ಆದ್ರ ನಾನೂ ಬರಾಕಿ" ಎಂದರು. ಅವರು ವಾಡೆಯ ಹೊಸ್ತಿಲು ದಾಟಿ ಊರ ಹೊರಗೆ ಹೋದದ್ದನ್ನು ಆ ಮೊದಲು ಯಾರೂ ನೋಡಿರಲಿಲ್ಲ.

ಅಂಬುಲೆನ್ಸಿನವರು ಬಂದು ನೋಡಿ ಕೈಚೆಲ್ಲಿದರು. ಸ್ಟ್ರೆಚರಿನ ಮೇಲೆ ಕೂತ ಹೆಣ ನಿಲ್ಲುತ್ತಿರಲಿಲ್ಲ. ಹೆಣ ಕೆಡದಂತೆ ಇಡುವ ತಂಪು ಪೆಟ್ಟಿಗೆ ತಂದಿದ್ದರು, ಅದರ ಮುಚ್ಚಳ ಇಳಿಯುತ್ತಿರಲಿಲ್ಲ. ಕೊನೆಗೆ ಬಸನಗೌಡನ ಜೀಪಿನ ಹಿಂದಿನ ಸೀಟಿನಲ್ಲಿ ಅವರನ್ನು ಕೂರಿಸಿದೆವು. ಈ ಕಡೆ ನಾನು, ಆ ಕಡೆ ನೀಲವ್ವ, ನಡುವೆ ಹಿಲ್ಡಾ. ತಿಂಗಳುಗಟ್ಟಲೆ ಇದೇ ರಸ್ತೆಯಲ್ಲಿ ಹೀಗೇ ನನ್ನ ಪಕ್ಕ ಕುಳಿತು ಓಡಾಡಿದವರು. ತಗ್ಗು ಬಂದಾಗ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಜೀಪು ನಿಧಾನವಾಯಿತು. ಹೂವಿನಂಗಡಿಯ ಹುಸೇನಸಾಬ ಇವರಿಗೆ ದಿನಾ ಸಲಾಮು ಮಾಡುವವನು. ರೂಢಿಯಂತೆ ಕೈ ಎತ್ತಿದ, ಹಣೆಯ ವಿಭೂತಿ ನೋಡಿ ಹಾಗೆಯೇ ನಿಂತ. ಅಲ್ಲಿಯ ತನಕ ತಡೆದುಕೊಂಡಿದ್ದೆ. ಅಲ್ಲಿಂದ ರೋಣದ ತನಕ ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ನೀಲವ್ವ ಹಿಲ್ಡಾರ ಹಿಂದಿನಿಂದ ಕೈ ಚಾಚಿ ನನ್ನ ಬೆನ್ನು ಸವರಿದರು.

ದವಾಖಾನೆಯ ಡಾಕ್ಟರು ವಯಸ್ಸಾದವರು, ಒಳ್ಳೆಯವರು. ಒಂದೆರಡು ದಿನ ಬಿಟ್ಟರೆ ಮೈ ತಾನಾಗಿ ಸಡಿಲಾಗುತ್ತದೆ, ಆದರೆ ಈ ಬಿಸಿಲಿಗೆ ಅಷ್ಟರಲ್ಲಿ ಮುಖ ಉಳಿಯುವುದಿಲ್ಲ, ತಾಯಿ ನೋಡಬೇಕೆಂದರೆ ಈಗಲೇ ಬಿಡಿಸಬೇಕು ಎಂದರು. ಒಬ್ಬರು ಹಿಡಿದುಕೊಳ್ಳಬೇಕು ಎಂದರು. ನಾನು ತಲೆ ಮತ್ತು ಭುಜ ಹಿಡಿದೆ. ನೀಲವ್ವನಿಗೆ ಹೊರಗೆ ಬೆಂಚಿನ ಮೇಲೆ ಕೂರಿರಿ ಎಂದು ಹೇಳಿದ್ದೆವು. ಮೊದಲನೆಯ ಮೊಣಕಾಲಿಗೆ ಕೈ ಹಾಕುವಷ್ಟರಲ್ಲಿ ಅವರು ಒಳಗೆ ಬಂದೇಬಿಟ್ಟರು. "ಮೆಲ್ಲಕ ಮಾಡ್ರಿ. ಮಡಿಚಿದಾಕಿ ನಾನು, ನಾನ ಬಿಡಸ್ತೇನಿ" ಎಂದರು. ಎಣ್ಣೆ ಕೇಳಿದರು. ಬಾಣಂತಿಗೆ ಹಚ್ಚುವ ಹಾಗೆ ಮೊಣಕಾಲಿಗೆ, ಹಿಮ್ಮಡಿಗೆ, ತೊಡೆಯ ಸಂದಿಗೆ ಎಣ್ಣೆ ಹಚ್ಚಿ ತಿಕ್ಕಿದರು. "ಸ್ವಲ್ಪ ತಡಕೋ ನನ್ನವ್ವ, ನಿಮ್ಮವ್ವ ಮಲಗು ಅಂದಾಳ, ಕಾಲ ಚಾಚು" ಎಂದು ಮಾತಾಡುತ್ತಲೇ ಇದ್ದರು. ಡಾಕ್ಟರು ಹಗುರವಾಗಿಯೇ ಎಳೆದರು. ಆದರೂ ಸದ್ದು ಬಂತು. ಎರಡು ಸಲ ಬಂತು. ಆ ಸದ್ದನ್ನು ಬರೆದು ತಿಳಿಸಲು ನನಗೆ ಬರುವುದಿಲ್ಲ, ಬಂದರೂ ಬರೆಯುವುದಿಲ್ಲ. ಆಮೇಲೆ ಅವರು ಮಲಗಿದರು. ಪೂರಾ ಉದ್ದಕ್ಕೆ ಚಾಚಿ ಮಲಗಿದಾಗ ಹಿಲ್ಡಾ ಅಷ್ಟು ಎತ್ತರ ಇದ್ದರೆಂದು ನನಗೆ ಮೊದಲ ಸಲ ಗೊತ್ತಾಯಿತು.

ಪರೀಕ್ಷೆ ಮುಗಿಯಿತು. ಹುಬ್ಬಳ್ಳಿಯಲ್ಲಿ ಹೆಣ ಕೆಡದಂತೆ ಮದ್ದು ಹಾಕಿಸಿ, ಪೆಟ್ಟಿಗೆ ಮಾಡಿಸಿ, ಬೆಂಗಳೂರಿಗೆ ಒಯ್ದು ವಿಮಾನ ಹತ್ತಿಸಿ ಬಂದೆ. ಸೀರೆ ಬದಲಿಸಲು ನೀಲವ್ವ ಬಿಡಲಿಲ್ಲ, ಪರೀಕ್ಷೆಯಾದ ಮೇಲೆ ಅದನ್ನೇ ಮತ್ತೆ ಉಡಿಸಿದ್ದರು, ಹಿಲ್ಡಾ ಅದರಲ್ಲಿಯೇ ಹೋದರು. ತಾಯಿ ಆ ಸೀರೆಯಲ್ಲಿಯೇ ಮಂಚದ ಮೇಲೆ ಮಲಗಿಸಿದರೆಂದೂ, ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರೆಂದೂ ತಮ್ಮ ಆಮೇಲೆ ಫೋನಿನಲ್ಲಿ ಹೇಳಿದರು. ಕಾಲಿನ ಸುದ್ದಿ ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಅಲ್ಲಿಂದ ಮುಂದೆ ಬಂದ ಪ್ರತಿಯೊಬ್ಬ ವಿದ್ವಾಂಸರಿಗೂ ಮೊದಲ ದಿನ, ಊಟವಾದ ಮೇಲೆ, ನಾನು ಒಂದು ಪ್ರಶ್ನೆ ಕೇಳುತ್ತಿದ್ದೆ. ಅಕಸ್ಮಾತ್ ಇಲ್ಲಿ ಏನಾದರೂ ಆದರೆ ನಿಮ್ಮನ್ನು ಹೇಗೆ ಇಡಬೇಕು, ಯಾರ ಮಾತು ಕೇಳಬೇಕು? ನಿರ್ದೇಶಕರಿಗೆ ಇದು ಗೊತ್ತಾಗಿ, ಬಂದ ದಿನವೇ ಅತಿಥಿಗಳಿಗೆ ಸಾವಿನ ಮಾತೇ, ನಿಮಗೆ ತಲೆ ಸರಿ ಇದೆಯೇ ಎಂದರು. ನಾನು ಬಿಡಲಿಲ್ಲ. ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಒಬ್ಬ ಹುಡುಗಿ ತಾಸುಗಟ್ಟಲೆ ತನ್ನ ಅಜ್ಜಿಯ ಸಾವಿನ ಕತೆ ಹೇಳಿದಳು. ಹೊಸದಾಗಿ ಸೇರಿದವರೇ, ಬೇಕಾದರೆ ಹಾಸಿಗೆ ಒಗೆಸುವುದನ್ನು ಮರೆಯಿರಿ, ಇದನ್ನು ಕೇಳುವುದನ್ನು ಮರೆಯಬೇಡಿ.

ಇನ್ನೊಂದು ಉಳಿದಿದೆ. ಬೆಂಗಳೂರಿನಿಂದ ತಿರುಗಿ ಬಂದು ಮಲಗಿದ್ದೆ, ಬಸನಗೌಡ ತಾನೇ ಮನೆಗೆ ಬಂದ. ಮುಖ ಇಳಿದಿತ್ತು. "ಕುಣಿ ಹಂಗ ಐತ್ರಿ" ಎಂದ. ನನಗೆ ಮರೆತೇ ಹೋಗಿತ್ತು. ತೋಡಿದ ಕುಣಿ ಬಾಯ್ತೆರೆದುಕೊಂಡು ಇರಬಾರದು, ಖಾಲಿ ಮುಚ್ಚಲೂಬಾರದು. ಖಾಲಿ ಮುಚ್ಚಿದರೆ ಅದು ಆ ಮನೆಯ ಇನ್ನೊಬ್ಬರನ್ನು ಕೇಳುತ್ತದೆ ಎಂಬ ಮಾತು ನಮ್ಮ ಕಡೆ ಇದೆ. 'ನಿಮಗೆ ನಂಬಿಕೆ ಇದೆಯೇ' ಎಂದು ಕೇಳುವವರು ಅಂಥ ಕುಣಿಯ ಅಂಚಿಗೆ ನಿಂತು ಕೇಳಬೇಕು. ಬಸನಗೌಡನ ಹೆಂಡತಿಗೆ ಆಗ ದಿನ ತುಂಬಿತ್ತು. ಆಳುಗಳು ಆ ಹೊಲಕ್ಕೆ ಕಾಲಿಡುತ್ತಿರಲಿಲ್ಲ. "ಅಯ್ಯನವ್ರು ಬಾಳಿದಿಂಡು ಇಟ್ಟು ಮುಚ್ಚೂನು ಅಂದಾರ. ಅವ್ವ ಬ್ಯಾಡ ಅಂತಾಳ. ಈರಣ್ಣ ಬರ್ಲಿ ಅಂತ ಕುಂತಾಳ."

ಹೋದೆ. ಕುಣಿಯ ದಂಡೆಯಲ್ಲಿ ಅಯ್ಯನವರು ಗಂಟೆ, ವಿಭೂತಿ ಹಿಡಿದು ನಿಂತಿದ್ದರು. ನೀಲವ್ವ ಮಾಳಿಗೆಯಿಂದ ಆ ಮಣೆಯನ್ನು ಎದೆಗವಚಿಕೊಂಡು ತಾವೇ ಇಳಿದು ಬಂದರು. ಗೌಡರು ಕೂರುತ್ತಿದ್ದ ಮಣೆ, ಹಿಲ್ಡಾ ಕೂತಲ್ಲೇ ಪ್ರಾಣ ಬಿಟ್ಟ ಮಣೆ.

"ಆಕಿನ ಅವ್ವಂದು ಆತು, ಮಲಗಿಸಿದ್ಲು" ಎಂದರು ನನಗೆ. "ಇನ್ ನಂದು ಆಗ್ಲಿ. ಇದನ್ನ ಇಡ್ರಿ."

ಅಯ್ಯನವರು ಅಡ್ಡಿ ಹೇಳಲಿಲ್ಲ. ಕುಣಿಗಿಳಿದು ನೆಲ ಸಮ ಮಾಡಿ ಮಣೆಯನ್ನು ಇಸಿದುಕೊಂಡರು. ಕೂರಿಸಿದ ಹೆಣಕ್ಕೆ ಮುಖ ಯಾವ ಕಡೆ ಇರಬೇಕೆಂಬುದಕ್ಕೆ ಅವರಲ್ಲಿ ಕ್ರಮವಿದೆ. ಮಣೆಗೆ ಮುಖ ಎಲ್ಲಿಯದು? ಹಿತ್ತಾಳೆ ಹೂವಿನ ಬದಿಯನ್ನು ಮುಂದೆಂದು ಹಿಡಿದು, ಉತ್ತರಕ್ಕೆ ತಿರುಗಿಸಲು ಹೋದರು.

"ಹಂಗಲ್ರಿ ಅಯ್ಯಾರ" ಎಂದರು ನೀಲವ್ವ. ಮೇಲೆ ವಾಡೆಯ ಕಡೆ, ಮಾಳಿಗೆಯ ಖೋಲಿಯ ಕಿಟಕಿಯ ಕಡೆ ಕೈ ತೋರಿಸಿದರು. "ಗ್ವಾಡಿ ಕಡೆ ಇಡ್ರಿ. ಆಕಿಂದು ಇನ್ನಾ ನೋಡೂದು ಮುಗದಿಲ್ಲ."

ಅಯ್ಯನವರು ಮಣೆಯನ್ನು ವಾಡೆಯ ಕಡೆ ತಿರುಗಿಸಿ ಇಟ್ಟು ಮೇಲೆ ಬಂದರು. ನೀಲವ್ವ ಮೊದಲ ಹಿಡಿ ಮಣ್ಣು ಹಾಕಿದರು, ಎರಡನೆಯದನ್ನು ನಾನು ಹಾಕಿದೆ.